ಗೋದಲಿಗೆ ಹಾಕಿದ ಹುಲ್ಲು

ನವೆಂಬರ್ 30, ಶನಿವಾರ. ಮಧ್ಯಾಹ್ನ

ಚರ್ಚಿನ ಮೇಣದಬತ್ತಿ ಮೇಜಿನ ನೇರಳೆ ಬಟ್ಟೆಗೆ ಇಸ್ತ್ರಿ ಆಯಿತು. ಒಂದು ಮೂಲೆಯಲ್ಲಿ ಹೋದ ವರ್ಷದ ಮೇಣ ಇನ್ನೂ ಅಂಟಿಕೊಂಡಿದೆ. ಕಾಗದ ಇಟ್ಟು ಎಷ್ಟು ತೀಡಿದರೂ ಬಿಡಲಿಲ್ಲ. ಆ ಮೂಲೆ ಗೋಡೆ ಕಡೆ ಬರುವ ಹಾಗೆ ಹಾಸಿದರಾಯಿತು. ಮಕ್ಕಳ ನಾಟಕದ ದೇವದೂತರ ರೆಕ್ಕೆಗಳಲ್ಲಿ ಎರಡು ಜೊತೆಗೆ ಇಲಿ ಬಾಯಿ ಹಾಕಿದೆ. ಹೊಲಿಯಬೇಕು.

ಹಾಲಿನವನು ಒಂದು ಮೂಟೆ ಒಣಹುಲ್ಲು ತಂದು ಚರ್ಚಿನ ಹಿಂಬಾಗಿಲಲ್ಲಿ ಇಳಿಸಿ ಹೋದ. ನಾಳೆಯಿಂದ ಆಗಮನ ಕಾಲ, ಕ್ರಿಸ್ಮಸ್ ತನಕ ನಾಲ್ಕು ಭಾನುವಾರ, ನಾಲ್ಕು ಬತ್ತಿ. ಮಕ್ಕಳ ತರಗತಿಗೆ ಬೇಕು.

ಇವರು ಪಂಕ್ಚರ್ ಅಂಗಡಿಯಿಂದ ಊಟಕ್ಕೆ ಬರುವಾಗ ಮೂಟೆ ನೋಡಿದರಂತೆ.

"ಇಷ್ಟೊಂದು ಹುಲ್ಲಾ? ಬರೋದು ದೇವರೋ, ದನವೋ?"

"ಎರಡೂ ಬರುತ್ತೆ. ನೀವೂ ಬನ್ನಿ," ಅಂದೆ.

ಅಳಿಲು ಅನ್ನ ಬಾಯಲ್ಲಿಟ್ಟುಕೊಂಡೇ ನಕ್ಕಿತು. ತಂಗಿಯ ಮಗಳು, ಎಂಟು ವರ್ಷ. ಮುಂದಿನ ಎರಡು ಹಲ್ಲು ನೋಡಿ ಇವರಿಟ್ಟ ಹೆಸರು. ಬಹಳ ದಿನದ ಮೇಲೆ ನಕ್ಕಿದ್ದು. ತಂಗಿ ಆಸ್ಪತ್ರೆಯಲ್ಲಿದ್ದಾಳೆ. ಎರಡನೇ ಕೂಸು ದಿನ ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿದೆ. ಗಂಡು. ತಂಗಿಯ ಗಂಡ ಬಸ್ಸಿನ ಡ್ರೈವರ್. ಡ್ಯೂಟಿ ಮುಗಿದರೆ ಆಸ್ಪತ್ರೆ, ಆಸ್ಪತ್ರೆ ಮುಗಿದರೆ ಡ್ಯೂಟಿ. ಎದುರುಗಡೆಯ ಅವರ ಮನೆಗೆ ಬೀಗ. ಮಗು ನಮ್ಮಲ್ಲಿ.

ಡಿಸೆಂಬರ್ 1, ಭಾನುವಾರ

ಮೊದಲ ಮೇಣದಬತ್ತಿ ಹಚ್ಚಿದ್ದಾಯಿತು. ಪೂಜೆ ಮುಗಿದ ಮೇಲೆ ಮಕ್ಕಳನ್ನೆಲ್ಲ ಪಕ್ಕದ ಹಾಲ್‌ನಲ್ಲಿ ಕೂರಿಸಿಕೊಂಡೆ. ಖಾಲಿ ಗೋದಲಿ, ದನಕ್ಕೆ ಮೇವು ಹಾಕುವಂಥ ಮರದ ತೊಟ್ಟಿ, ಮಧ್ಯದಲ್ಲಿಟ್ಟು ಪ್ರತಿ ವರ್ಷ ಹೇಳುವುದನ್ನೇ ಹೇಳಿದೆ. ನಿಮಗೆ ಇಷ್ಟವಾದದ್ದು ಏನಾದರೂ ಬಿಟ್ಟುಕೊಟ್ಟರೆ ಒಂದು ಹುಲ್ಲುಕಡ್ಡಿ ಹಾಕಿ. ಸಿಟ್ಟು ಬಂದಾಗ ಬಾಯಿ ಮುಚ್ಚಿಕೊಂಡರೆ ಒಂದು ಕಡ್ಡಿ. ತಮ್ಮನಿಗೆ ಆಟದ ಸಾಮಾನು ಕೊಟ್ಟರೆ ಒಂದು ಕಡ್ಡಿ. ಹಬ್ಬದ ಹೊತ್ತಿಗೆ ಬಾಲ ಯೇಸುವಿಗೆ ಮೆತ್ತನೆಯ ಹಾಸಿಗೆ ಆಗುತ್ತದೆ. ಮಾಡದೆ ಹಾಕಿದರೆ ಅದು ಸುಳ್ಳು ಹುಲ್ಲು, ಮಗುವಿಗೆ ಚುಚ್ಚುತ್ತದೆ.

ಡಬ್ಬ ಎದ್ದು ನಿಂತ. ಬೇಕರಿಯವನ ಮಗ, ಮೈ ತುಂಬ ಬೆಣ್ಣೆ.

"ಟೀಚರ್, ಹೋಂವರ್ಕ್ ಬಿಟ್ಟುಕೊಟ್ರೆ ಕಡ್ಡಿ ಹಾಕ್ಬಹುದಾ?"

"ಅದು ನಿನಗೆ ಇಷ್ಟಾನೇನೋ?"

"ತುಂಬಾ ಇಷ್ಟ ಟೀಚರ್, ಅದಕ್ಕೇ ಕಷ್ಟ."

ಎಲ್ಲರೂ ನಕ್ಕರು. ಆಮೇಲೆ ರೆಕ್ಕೆಯ ಅಳತೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದೆ. ಅಳಿಲಿನ ಹೆಗಲಿಗೆ ಬಟ್ಟೆ ಹಿಡಿದಿದ್ದಾಗ ಕೇಳಿತು:

"ದೊಡ್ಡಮ್ಮ, ಗೋದಲಿ ಪೂರ್ತಿ ತುಂಬಿದ್ರೆ ಯೇಸು ಬರ್ತಾನಾ?"

"ಹ್ಞೂಂ."

"ಬಂದ್ರೆ, ಕೇಳಿದ್ದು ಕೊಡ್ತಾನಾ?"

"ಹ್ಞೂಂ. ನೆಟ್ಟಗೆ ನಿಲ್ಲು."

ಸೂಜಿ ಬಾಯಲ್ಲಿತ್ತು. ಹ್ಞೂಂ ಅನ್ನುವುದು ಸುಲಭ.

ಡಿಸೆಂಬರ್ 3, ಮಂಗಳವಾರ

ಆಸ್ಪತ್ರೆಗೆ ಹೋಗಿದ್ದೆ. ಮಕ್ಕಳನ್ನು ಮೇಲೆ ಬಿಡುವುದಿಲ್ಲ. ಅಳಿಲನ್ನು ಕೆಳಗೆ ಲಿಫ್ಟಿನ ಪಕ್ಕದ ಬೆಂಚಿನಲ್ಲಿ ಅವಳಪ್ಪನ ಜೊತೆ ಕೂರಿಸಿ ಹೋದೆ.

ಪೆಟ್ಟಿಗೆಗೆ ಎರಡು ದುಂಡನೆಯ ಕಿಂಡಿ. ಅದರೊಳಗೆ ಕೈ ಹಾಕಿ ಮುಟ್ಟಬೇಕು. ತಂಗಿ ಒಂದು ಬೆರಳನ್ನು ಕೂಸಿನ ಅಂಗೈಯಲ್ಲಿಟ್ಟು ನಿಂತಿದ್ದಳು. ಮೂಗಿಗೆ ಕೊಳವೆ. ಟೋಪಿ ಕಣ್ಣಿನ ತನಕ ಜಾರಿದೆ. "ಅಕ್ಕ, ಹಿಡ್ಕೋತಾನೆ ನೋಡು," ಅಂದಳು. ನನಗೇನೂ ಕಾಣಲಿಲ್ಲ. ಹೌದು ಅಂದೆ.

ಹದಿನಾರು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು ನಾವು. ನನಗಿಂತ ಚಿಕ್ಕವಳು ಅನ್ನುವುದಕ್ಕಿಂತ ನಾನು ಎತ್ತಿ ಆಡಿಸಿದವಳು. ಅವಳಿಗೆ ಏನು ಹೇಳಬೇಕೆಂದು ತಿಳಿಯದೆ ಜಪಸರ ಕೊಟ್ಟು ಬಂದೆ.

ಕೆಳಗೆ ಅಳಿಲು: "ಎಷ್ಟು ದೊಡ್ಡವನಿದ್ದಾನೆ?"

ಮೊಣಕೈಯಿಂದ ಅಂಗೈ ತನಕ ತೋರಿಸಿದೆ. ತನ್ನ ಕೈಯನ್ನೇ ನೋಡಿಕೊಂಡಿತು, ಬಸ್ಸಿನಲ್ಲಿ ದಾರಿಯುದ್ದಕ್ಕೂ.

ಡಿಸೆಂಬರ್ 6, ಶುಕ್ರವಾರ

ಅಳಿಲು ಮೊಟ್ಟೆ ತಿನ್ನುವುದು ಬಿಟ್ಟಿದೆ. ನಿನ್ನೆಯಿಂದ ಬ್ರೆಡ್ಡಿಗೆ ಜಾಮೂ ಬೇಡವಂತೆ. ನನಗೆ ಒಳಗೊಳಗೇ ಹಿಗ್ಗು. ನಮ್ಮ ಮನೆಯಲ್ಲೇ ಒಂದು ಪುಟ್ಟ ಸಂತಳು ಅಂದೆ.

ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಸಂತರಿಗೂ ಹೊಟ್ಟೆ ಅಂತ ಒಂದಿರುತ್ತೆ ಕಣೇ. ತಿನ್ನಿಸು."

ಪೂಜೆಗೆ ಬಾರದ ಮನುಷ್ಯನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು ಅಂದುಕೊಂಡೆ.

ಡಿಸೆಂಬರ್ 8, ಭಾನುವಾರ

ಎರಡನೇ ಬತ್ತಿ. ನಾಟಕದ ಪ್ರಾಕ್ಟೀಸ್. ಕುರುಬರು ಕುರಿಗಳಿಗಿಂತ ಹೆಚ್ಚು ಕಿರುಚಿದರು. ಜೋಸೆಫನ ಗಡ್ಡ ಮೂರು ಸಲ ಬಿತ್ತು.

ಡಬ್ಬ ದೂರು ತಂದ. "ಟೀಚರ್, ಇವಳು ನನ್ನ ಟಿಫನ್ ಮುಚ್ಚಿಸ್ತಾಳೆ. ತಿಂದ್ರೆ ಗೋದಲಿ ತುಂಬಲ್ಲ ಅಂತಾಳೆ. ನನ್ ಅಪ್ಪಂದು ಬೇಕರಿ, ನಾನೇ ತಿನ್ನಲಿಲ್ಲ ಅಂದ್ರೆ ಯಾರು ತಿಂತಾರೆ?"

ಬೇರೆ ಮಕ್ಕಳೂ ಬಾಯಿ ಬಿಟ್ಟರು. ಶಾಲೆಯಲ್ಲಿ ಊಟದ ಹೊತ್ತಿಗೆ ಇವಳು ಎಲ್ಲರ ಹತ್ತಿರ ಹೋಗಿ ಒಂದೊಂದನ್ನು ಬಿಡಿಸುತ್ತಾಳಂತೆ. ಬೈಯುವುದಿಲ್ಲ. "ಪ್ಲೀಸ್, ನನ್ನ ತಮ್ಮನಿಗೋಸ್ಕರ," ಅನ್ನುತ್ತಾಳಂತೆ.

ಆಗ ನನಗೆ ಅರ್ಥವಾಯಿತು. ಇಷ್ಟು ದಿನ ಮುದ್ದು ಮಾಡಿಕೊಂಡು ಕೂತಿದ್ದೆ.

ಕರೆದು ಕೇಳಿದೆ. ನನ್ನ ಮುಖ ನೋಡಿ ಹೇಳಿತು, ಗೊತ್ತಿಲ್ಲದವರಿಗೆ ಹೇಳುವ ಹಾಗೆ: "ಗೋದಲಿ ತುಂಬಿದ್ರೆ ತಮ್ಮ ಮನೆಗೆ ಬರ್ತಾನಲ್ವಾ."

ಡಿಸೆಂಬರ್ 11, ಬುಧವಾರ. ಬೆಳಗ್ಗೆ

ಎದ್ದು ನೋಡಿದರೆ ಅಳಿಲು ಹಾಸಿಗೆ ಬಿಟ್ಟು ಬರಿ ನೆಲದಲ್ಲಿ ಮಲಗಿದೆ. ಹೊದಿಕೆ ಮಡಿಸಿ ಮಂಚದ ಮೇಲಿಟ್ಟಿದೆ, ಅಂಚಿಗೆ ಅಂಚು ಸೇರಿಸಿ. ಮೈ ತಣ್ಣಗೆ. ತುಟಿ ಬೆಳ್ಳಗೆ.

ಎತ್ತಿ ಅಪ್ಪಿಕೊಂಡು ಉಜ್ಜಿದೆ. ಬೈದೆ. ದೇವರಿಗೆ ಇದೆಲ್ಲ ಬೇಡ ಅಂದೆ.

"ನೀನೇ ಹೇಳಿದ್ದು."

"ನಾನು ಹೇಳಿದ್ದು ಇಂಥದ್ದಲ್ಲ ಕಣೇ."

"ಇನ್ನೂ ಅರ್ಧಾನೂ ಆಗಿಲ್ಲ ದೊಡ್ಡಮ್ಮ. ಡಬ್ಬ ಅಂತೂ ದಿನಾ ತಿಂತಾನೆ."

ಅದೇ ದಿನ, ಸಂಜೆ

ಮಧ್ಯಾಹ್ನ ಶಾಲೆಯಿಂದ ಫೋನ್. ಸಾಲಿನಲ್ಲಿ ನಿಂತಿದ್ದಾಗ ತಲೆ ಸುತ್ತಿ ಕೂತುಬಿಟ್ಟಳಂತೆ. ಕರೆದುಕೊಂಡು ಬರುವಾಗ ಸೀದಾ ಫಾದರ್ ಹತ್ತಿರ ಹೋದೆ. ಅವರು ಏಣಿಯ ಮೇಲಿದ್ದರು, ಸೀರಿಯಲ್ ಲೈಟು ಹಿಡಿದುಕೊಂಡು. ಅರ್ಧ ಉರಿಯುತ್ತಿತ್ತು, ಅರ್ಧ ಇಲ್ಲ. ಅಳಿಲನ್ನು ಹೊರಗೆ ನಿಲ್ಲಿಸಿ ಎಲ್ಲ ಹೇಳಿದೆ. ಗೋದಲಿಯನ್ನೇ ಎತ್ತಿಡಲೇ ಎಂದು ಕೇಳಿದೆ.

"ಎತ್ತಿಡಬೇಡಿ ಅಮ್ಮ. ಮಗುವಿನ ನಂಬಿಕೆ ದೊಡ್ಡದು. ನಾವು ದೊಡ್ಡವರು ಅದಕ್ಕೆ ಕೈ ಹಾಕಬಾರದು. ಊಟ ಬಿಡಬೇಡ ಅಂತ ನಾನು ಹೇಳ್ತೀನಿ."

ಇಳಿದು ಬಂದು ಪ್ರೀತಿಯಿಂದಲೇ ಹೇಳಿದರು. ಒಳ್ಳೆಯವರು. ಅಳಿಲು ತಲೆ ಆಡಿಸಿತು. ಮನೆಗೆ ಬಂದು ಊಟ ಮಾಡಿತು. ಮಾಡಿದ ಮೇಲೆ ಬಾಯಿ ಬಿಡಲಿಲ್ಲ. ಈಗ ಮಾತು ಬಿಟ್ಟಿದೆ. ಕೇಳಿದ್ದಕ್ಕೆ ಬೆರಳಲ್ಲಿ ತೋರಿಸುತ್ತದೆ.

ಡಿಸೆಂಬರ್ 13, ಶುಕ್ರವಾರ

ಮಾತಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಶಾಲೆಯಿಂದ ಬಂದಿತು. ಊಟ ಮತ್ತೆ ಕೋಳಿ ಕುಕ್ಕಿದಷ್ಟೇ. ಇವರು ಕೋತಿಯ ಹಾಗೆ ಮುಖ ಮಾಡಿದರು, ಸೈಕಲ್ ಟ್ಯೂಬನ್ನು ಹಾವು ಮಾಡಿ ಕುಣಿಸಿದರು. ತುಟಿ ಕಚ್ಚಿಕೊಂಡಿತೇ ಹೊರತು ನಗಲಿಲ್ಲ. ನಗುವುದನ್ನೂ ಬಿಟ್ಟಿದೆ ಅಂತ ಕಾಣುತ್ತದೆ.

ಇವರು ಹೊರಗೆ ಹೋಗಿ ನಿಂತರು. ಸುಮಾರು ಹೊತ್ತು ಒಳಗೆ ಬರಲಿಲ್ಲ.

ತಂಗಿಗೆ ಇದನ್ನೆಲ್ಲ ಹೇಳುವ ಹಾಗಿಲ್ಲ. ಅವಳ ಗಂಡನಿಗೂ. ಕೈ ಕಟ್ಟಿ ಹಾಕಿದ ಹಾಗಾಗಿದೆ. ಬೈದರೆ ತ್ಯಾಗ ಅನ್ನುತ್ತದೆ, ಮುದ್ದಿಸಿದರೂ ತ್ಯಾಗ.

ಡಿಸೆಂಬರ್ 14, ಶನಿವಾರ. ಮಧ್ಯಾಹ್ನ

ಚರ್ಚ್ ಗುಡಿಸಲು ಹೋಗಿದ್ದೆ. ಯಾರೂ ಇರಲಿಲ್ಲ. ಹಾಲ್‌ನಲ್ಲಿ ಗೋದಲಿ. ತಳ ಕಾಣುತ್ತಿತ್ತು, ಅಲ್ಲಲ್ಲಿ. ಮಕ್ಕಳ ಕಡ್ಡಿಗಳು ಎಷ್ಟು ಅಂತ ಇರುತ್ತವೆ.

ಹಿಂಬಾಗಿಲ ಮೂಟೆಯಿಂದ ತೋಳು ತುಂಬ ಹುಲ್ಲು ತಬ್ಬಿಕೊಂಡು ಬಂದು ಹಾಕಿದೆ. ಇನ್ನೊಂದು ಸಲ. ಅಂಚಿನ ತನಕ. ಮೇಲೆ ಮಕ್ಕಳು ಹಾಕಿದ ಹಾಗೆ ಕಾಣಲಿ ಅಂತ ಕಡ್ಡಿಗಳನ್ನು ಅಡ್ಡಾದಿಡ್ಡಿ ಚೆಲ್ಲಿದೆ. ನೆಲಕ್ಕೆ ಬಿದ್ದದ್ದನ್ನು ಗುಡಿಸಿದೆ.

ದೇವರೇ, ಮಗು ಉಣ್ಣಲಿ ಅಂತ. ಬೇರೇನಿಲ್ಲ.

ಡಿಸೆಂಬರ್ 15, ಭಾನುವಾರ

ಮೂರನೇ ಬತ್ತಿ, ಗುಲಾಬಿ ಬಣ್ಣದ್ದು. ಸಂತೋಷದ ಭಾನುವಾರ.

ಮಕ್ಕಳು ಗೋದಲಿ ನೋಡಿ ಹೋ ಅಂದರು. "ನಾನು ಗುರುವಾರ ಎರಡು ಬನ್ ಬಿಟ್ಟೆ, ಅದರದ್ದೇ ಇದು," ಅಂದ ಡಬ್ಬ. ಅಳಿಲು ಮುಂದೆ ಬಂದು ಅಂಗೈ ಇಟ್ಟು ಹುಲ್ಲನ್ನು ಮೆಲ್ಲಗೆ ಒತ್ತಿ ನೋಡಿತು, ಹಾಸಿಗೆ ಅಂಗಡಿಯಲ್ಲಿ ಒತ್ತಿ ನೋಡುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ದೊಡ್ಡಮ್ಮ, ಹಸಿವು," ಅಂದಿತು.

ಎರಡು ಮೊಟ್ಟೆ ತಿಂದಿತು. ಜಾಮು ಹಚ್ಚಿ ಬ್ರೆಡ್ಡು. ಬಿಟ್ಟಿದ್ದ ಮಾತೆಲ್ಲ ಒಟ್ಟಿಗೆ ಆಡಿತು. ತಮ್ಮನಿಗೆ ಯಾವ ಹೆಸರು, ತೊಟ್ಟಿಲು ಯಾವ ಮೂಲೆಗೆ, ಅತ್ತರೆ ಯಾರು ಎತ್ತಿಕೊಳ್ಳಬೇಕು.

ಇವರು ನನ್ನನ್ನೇ ನೋಡುತ್ತಿದ್ದರು. "ಮೊನ್ನೆ ತನಕ ತಳ ಕಾಣ್ತಿತ್ತು ಅಂದೆ. ಇಷ್ಟು ಬೇಗ ಹೇಗೆ ತುಂಬ್ತು?"

"ಮಕ್ಕಳು ಹಾಕಿದ್ರು."

"ಹ್ಞೂಂ. ಒಳ್ಳೆ ಪಂಪ್ ಹೊಡೆದಿದ್ದಾರೆ."

ಅಷ್ಟೇ ಅಂದರು.

ಡಿಸೆಂಬರ್ 17, ಮಂಗಳವಾರ

ಆಸ್ಪತ್ರೆಯಲ್ಲಿ ಕೂಸಿನ ಮೂಗಿನ ಕೊಳವೆ ತೆಗೆದಿದ್ದಾರೆ. ತಾನಾಗಿಯೇ ಉಸಿರಾಡುತ್ತಿದೆ. ಡಾಕ್ಟರಮ್ಮ "ನೋಡೋಣ" ಅನ್ನುವುದನ್ನು ಬಿಟ್ಟು "ಪರವಾಗಿಲ್ಲ" ಅಂದರು. ತಂಗಿ ತಲೆ ಬಾಚಿಕೊಂಡಿದ್ದಳು. ಬಂದಂದಿನಿಂದ ಮೊದಲ ಸಲ. "ಅಕ್ಕ, ಹಬ್ಬಕ್ಕೆ ಕರ್ಕೊಂಡು ಬಂದ್ಬಿಡ್ತೀನಿ ಅನ್ಸುತ್ತೆ."

ಬಸ್ಸಿನಲ್ಲಿ ಕೂತು ಅಳು ಬಂತು. ನಾನೂ ನಂಬಿಬಿಟ್ಟೆ. ಹುಲ್ಲು ಹಾಕಿದವಳು ನಾನೇ, ಆದರೂ.

ಅಳಿಲಿಗೆ ಹೇಳಿದೆ. ಆಶ್ಚರ್ಯವೇ ಪಡಲಿಲ್ಲ. ನನ್ನ ಹಳೆಯ ಟವೆಲ್ ಕೇಳಿ ಪಡೆದು, ಕಪಾಟಿನ ಕೆಳಗಿನ ಡ್ರಾಯರ್ ಎಳೆದು, ಅದರಲ್ಲಿ ಹಾಸಿತು. ತೊಟ್ಟಿಲು ಬರುವ ತನಕ ಇದು ಅಂತ.

ಡಿಸೆಂಬರ್ 21, ಶನಿವಾರ

ಗುರುವಾರ ಬೆಳಗ್ಗೆ ಕೂಸು ಹೋಯಿತು.

ಬುಧವಾರ ಜ್ವರ ಬಂತಂತೆ. ರಕ್ತಕ್ಕೆ ಸೋಂಕು ಅಂದರು. ಮತ್ತೆ ಕೊಳವೆ ಹಾಕಿದರು. ನಾನು ತಲುಪುವ ಹೊತ್ತಿಗೆ ಪೆಟ್ಟಿಗೆಯ ಲೈಟು ಆರಿಸಿದ್ದರು.

ನಿನ್ನೆ ಮಣ್ಣು. ಇವರೇ ಟೆಂಪೊ ಓಡಿಸಿದರು. ತಂಗಿಯ ಗಂಡ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ. ಊರೆಲ್ಲ ಬಸ್ ಓಡಿಸುವ ಕೈ. ಆ ಕೈಗೆ ಅದು ಭಾರವೇ ಅಲ್ಲ. ಫಾದರ್ ಓದಿದರು. ಚಿಕ್ಕ ಗುಂಡಿ, ಬೇಗ ಮುಚ್ಚಿತು.

ಅಳಿಲಿಗೆ ಅವಳಪ್ಪನೇ ಹೇಳಿದ. ಡ್ರಾಯರ್ ಒಳಗೆ ತಳ್ಳಿ ಮುಚ್ಚಿತು, ಟವೆಲ್ ಸಮೇತ.

ಡಿಸೆಂಬರ್ 22, ಭಾನುವಾರ

ನಾಲ್ಕನೇ ಬತ್ತಿ. ಬೆಂಕಿಪೊಟ್ಟಣ ಡಬ್ಬನ ಅಮ್ಮನಿಗೆ ಕೊಟ್ಟೆ, ಅವರೇ ಹಚ್ಚಿದರು.

ಬರಬೇಡ ಅಂದರೂ ಅಳಿಲು ತರಗತಿಗೆ ಬಂತು. ಡಬ್ಬ ಪಕ್ಕದಲ್ಲಿ ಕೂತು ಜೇಬಿನಿಂದ ಕೇಕಿನ ತುಂಡು ತೆಗೆದು ಅವಳ ಮಡಿಲಲ್ಲಿಟ್ಟ. ಅವಳು ಮುಟ್ಟಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ಕುರ್ಚಿ ಎತ್ತಿಡುತ್ತಿದ್ದೆ. ಅಳಿಲು ಬಾಗಿಲ ಹತ್ತಿರ ನಿಂತಿತ್ತು.

"ದೊಡ್ಡಮ್ಮ, ಒಂದು ಸುಳ್ಳು ಹುಲ್ಲಿದ್ರೆ ಎಲ್ಲಾ ಕೆಟ್ಟುಹೋಗುತ್ತಾ?"

ಕಂಡುಹಿಡಿದಿದೆ ಅಂದುಕೊಂಡೆ.

"ಯಾಕೆ ಕೇಳ್ತೀಯ?"

"ನಾನು ಹಾಕಿದೆ." ಗೋದಲಿಯನ್ನು ನೋಡುತ್ತಲೇ ಹೇಳಿತು. "ಡಬ್ಬ ಬಿಸ್ಕತ್ತು ಕೊಟ್ಟ. ಬೇಡ ಅಂದೆ. ಆಮೇಲೆ ಬಾತ್‌ರೂಮಿಗೆ ಹೋಗಿ ತಿಂದೆ. ತಿಂದೂ ಕಡ್ಡಿ ಹಾಕಿದೆ. ಚುಚ್ಚುತ್ತೆ ಅಂತ ನೀನು ಹೇಳಿದ್ದೆ."

ಮಂಡಿಯೂರಿ ಹಿಡಿದುಕೊಂಡೆ. ಇಲ್ಲ ಕಂದ, ಹಾಗಲ್ಲ, ಕೂಸಿಗೆ ಕಾಯಿಲೆ ಇತ್ತು, ಹುಲ್ಲಿಗೂ ಅದಕ್ಕೂ ಸಂಬಂಧವಿಲ್ಲ ಅಂದೆ. ಎಷ್ಟು ಸಲ ಅಂದೆನೋ.

"ತಮ್ಮ ಹುಷಾರಾದಾಗ ಸಂಬಂಧ ಇದೆ ಅಂದೆ."

ಅಂದಿದ್ದೆ. ಅಂದದ್ದು ನಿಜ. ಮಂಗಳವಾರ ಆಸ್ಪತ್ರೆಯಿಂದ ಬಂದವಳು ಅವಳನ್ನು ಎತ್ತಿಕೊಂಡು, ನೋಡಿದೆಯಾ ನಿನ್ನ ಹುಲ್ಲು ಮುಟ್ಟಿತು ಅಂದಿದ್ದೆ.

ಆಗಲೇ ಹೇಳಬೇಕಿತ್ತು, ನನ್ನ ಎರಡು ತೋಳಿನ ಹುಲ್ಲಿನ ವಿಷಯ. ಎದ್ದು ಉಳಿದ ಕುರ್ಚಿ ಎತ್ತಿಟ್ಟೆ.

ಡಿಸೆಂಬರ್ 23, ಸೋಮವಾರ

ತಂಗಿ ಮನೆಗೆ ಬಂದಿದ್ದಾಳೆ. ಎದುರುಮನೆಯ ಬಾಗಿಲು ತೆಗೆದಿದೆ, ಕಿಟಕಿ ಮುಚ್ಚಿದೆ. ಎದೆಯಲ್ಲಿ ಹಾಲು ಕಟ್ಟಿಕೊಂಡು ನೋವು. ಬಿಸಿನೀರಿನ ಬಟ್ಟೆ ಇಟ್ಟು ಕೊಡುತ್ತೇನೆ. ಗೋಡೆ ಕಡೆ ತಿರುಗಿ ಮಲಗುತ್ತಾಳೆ.

ಅಳಿಲು ಆ ಮನೆಗೆ ಕಾಲಿಡುತ್ತಿಲ್ಲ. ಕೈ ಹಿಡಿದು ಕರೆದುಕೊಂಡು ಹೋದೆ. ಹೊಸ್ತಿಲ ತನಕ ಬಂತು, ಅಮ್ಮನ ದನಿ ಕೇಳಿದ ಕೂಡಲೇ ಕೈ ಬಿಡಿಸಿಕೊಂಡು ಓಡಿತು. ನಮ್ಮ ಮಂಚದ ಕೆಳಗೆ ಸಿಕ್ಕಿತು.

"ಅಮ್ಮನಿಗೆ ಗೊತ್ತಾಗುತ್ತೆ."

"ಏನು?"

"ನನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ."

ತಂಗಿ ನನ್ನ ಕೈ ಹಿಡಿದು ಕೇಳಿದಳು. "ನನ್ ಮಗಳೂ ಬರ್ತಿಲ್ಲ ಅಕ್ಕ. ತಮ್ಮನನ್ನು ಕರ್ಕೊಂಡು ಬರ್ಲಿಲ್ಲ ಅಂತ ಕೋಪಾನಾ ಅವಳಿಗೆ?"

ಒಬ್ಬಳು ಗೋಡೆ ಕಡೆ. ಒಬ್ಬಳು ಮಂಚದ ಕೆಳಗೆ. ನಡುವೆ ಒಂದು ರಸ್ತೆ, ಅದರಲ್ಲಿ ನಾನು ಪಾತ್ರೆ ಹಿಡಿದು ಓಡಾಡುತ್ತಿದ್ದೇನೆ.

ಇವರಿಗೆ ಎಲ್ಲ ಹೇಳಿಬಿಟ್ಟೆ. "ಗೊತ್ತಿತ್ತು," ಅಂದರು. "ಸೀರೆ ತುಂಬ ಹುಲ್ಲು ಅಂಟಿಸ್ಕೊಂಡು ಬಂದಿದ್ದೆ ಅವತ್ತು. ನಾನೇ ತೆಗೆದು ಬಿಸಾಕಿದೆ." ಟವೆಲ್ ಹೆಗಲಿಗೆ ಹಾಕಿಕೊಂಡು, "ಅವಳಿಗೆ ಹೇಳು. ಹೇಳ್ದೆ ಗಾಳಿ ಹೋಗಲ್ಲ."

"ತಪ್ಪೆಲ್ಲ ನನ್ನ ಮೇಲೆ ಹಾಕ್ತಾಳೆ ರೀ."

"ಹಾಕ್ಲಿ. ನಿನಗೆ ಐವತ್ತು, ಅವಳಿಗೆ ಎಂಟು."

ಡಿಸೆಂಬರ್ 24, ಮಂಗಳವಾರ. ಬೆಳಗ್ಗೆ

ಹೇಳಿದೆ.

ಗೋದಲಿಯನ್ನು ಹಾಲ್‌ನಿಂದ ಚರ್ಚಿನೊಳಗೆ ಸಾಗಿಸಬೇಕಿತ್ತು. ಅದಕ್ಕೆ ಮೊದಲು ಅವಳನ್ನು ಕರೆದುಕೊಂಡು ಹೋದೆ. ಇಬ್ಬರೇ. ನನ್ನ ಹುಲ್ಲನ್ನಾದರೂ ತೆಗೆದುಬಿಡೋಣ ಅಂತ ಮೊದಲೇ ಹೋಗಿ ನೋಡಿದ್ದೆ. ಯಾವುದು ನನ್ನದು, ಯಾವುದು ಮಕ್ಕಳದ್ದು, ತಿಳಿಯಲಿಲ್ಲ. ಎಲ್ಲ ಒಂದೇ ಮೂಟೆಯದು.

ಬೆಂಚಿನಲ್ಲಿ ಕೂರಿಸಿ ಹೇಳಿದೆ. "ಇದರಲ್ಲಿ ಜಾಸ್ತಿ ಹುಲ್ಲು ನಂದು. ನಾನು ಏನನ್ನೂ ಬಿಟ್ಟುಕೊಟ್ಟಿಲ್ಲ. ಮೂಟೆಯಿಂದ ತಂದು ಸುರಿದೆ."

ನನ್ನ ಬಾಯಿಯನ್ನೇ ನೋಡಿತು.

"ಎಷ್ಟು?"

"ಎರಡು ಸಲ. ತೋಳು ತುಂಬ."

"ಯಾಕೆ?"

"ನೀನು ಊಟ ಮಾಡ್ಲಿ ಅಂತ."

ಕಾಲು ಆಡಿಸುತ್ತಿದ್ದದ್ದು ನಿಂತಿತು. ಯೋಚಿಸಿತು. ಆ ಮುಖದಲ್ಲಿ ಒಂದೊಂದೇ ಕಡ್ಡಿ ಎತ್ತಿಡುವುದು ಕಾಣುತ್ತಿತ್ತು. ಒಂದು ಬಿಸ್ಕತ್ತಿನದ್ದು ಈ ಕಡೆ. ಎರಡು ತೋಳಿನದ್ದು ಆ ಕಡೆ.

"ಹಾಗಾದ್ರೆ ನನ್ನಿಂದ ಅಲ್ಲ."

"ಅಲ್ಲ ಕಂದ. ನಿನ್ನಿಂದ ಅಲ್ವೇ ಅಲ್ಲ."

"ನಿನ್ನಿಂದ."

ಯಾರಿಂದಲೂ ಅಲ್ಲ ಅನ್ನಬೇಕಿತ್ತು. ಮೊನ್ನೆ ಅಷ್ಟು ಸಲ ಅಂದದ್ದು ಅದೇ, ಅವಳಿಗೆ ಅದು ಇಳಿಯಲಿಲ್ಲ. ಈಗ ಮತ್ತೆ ಅಂದರೆ ಆ ಬಿಸ್ಕತ್ತು ಮತ್ತೆ ಅವಳ ಪಾಲಿಗೇ ಬರುತ್ತದೆ. ಅವಳಿಗೆ ಬೇಕಾದದ್ದು ಆ ತಪ್ಪನ್ನು ಇಡಲು ಒಂದು ಜಾಗ.

"ಹ್ಞೂಂ," ಅಂದೆ. ಈ ಸಲ ಬಾಯಲ್ಲಿ ಏನೂ ಇರಲಿಲ್ಲ.

ಎದ್ದು ಓಡಿತು. ಹಾಲ್ ಬಾಗಿಲಿಗೆ ಬಂದರೆ ನಮ್ಮ ರಸ್ತೆ ಕಾಣುತ್ತದೆ, ನೋಡಿದೆ. ರಸ್ತೆ ದಾಟುವಾಗ ಎರಡೂ ಕಡೆ ನೋಡಿತು, ದೊಡ್ಡಪ್ಪ ಕಲಿಸಿದ ಹಾಗೆ. ಸೀದಾ ಅವರ ಮನೆಗೆ. ಒಳಗೆ.

ಅದೇ ದಿನ, ಮಧ್ಯಾಹ್ನ

ಊಟ ತೆಗೆದುಕೊಂಡು ಹೋದೆ. ಬಾಗಿಲ ಸಂದಿಯಿಂದ ಕಂಡಿತು. ತಂಗಿ ಗೋಡೆ ಕಡೆ ಮಲಗಿರಲಿಲ್ಲ. ಅಳಿಲು ಅವಳ ಹೊಟ್ಟೆಗೆ ಬೆನ್ನು ಹಚ್ಚಿ ಮುದುಡಿ ಮಲಗಿತ್ತು. ತಂಗಿಯ ಕೈ ಅವಳ ತಲೆಯ ಮೇಲೆ. ಇಬ್ಬರಿಗೂ ನಿದ್ದೆ.

ಪಾತ್ರೆ ಹೊಸ್ತಿಲಲ್ಲಿಟ್ಟು ಬಂದೆ. ದೇವರಿಗೆ ಸ್ತೋತ್ರ. ಅಷ್ಟು ಸಾಕಿತ್ತು ನನಗೆ. ಸಾಕು ಅಂತ ಬರೆದೆ, ಸಾಕಾಗಿಲ್ಲ.

ಅದೇ ದಿನ, ಸಂಜೆ ನಾಲ್ಕು

ಮಕ್ಕಳು ರೆಕ್ಕೆ ಕಟ್ಟಿಸಿಕೊಳ್ಳಲು ಒಬ್ಬೊಬ್ಬರಾಗಿ ಮನೆಗೆ ಬಂದರು. ಅಳಿಲು ಬರಲಿಲ್ಲ. ಡಬ್ಬನ ಕೈಯಲ್ಲಿ ಹೇಳಿ ಕಳಿಸಿದೆ. ವಾಪಸ್ ಬಂದು ಬಾಗಿಲಲ್ಲಿ ನಿಂತು ಹೊಟ್ಟೆ ತುರಿಸಿಕೊಂಡ.

"ಬರ್ತಾಳಂತೆ ಟೀಚರ್. ಆದ್ರೆ ನೀವು ಕಟ್ಟೋದು ಬೇಡವಂತೆ."

"ಮತ್ತೆ ಯಾರು ಕಟ್ಟಬೇಕಂತೆ?"

"ಅವರಮ್ಮ." ತಲೆ ತಗ್ಗಿಸಿದ. "ಟೀಚರ್, ನೀವೇನು ಮಾಡಿದ್ರಿ? ಅವಳು ಅವರಮ್ಮನ ಹತ್ರ ಕೂತು ಹೇಳ್ತಾ ಇದ್ಲು. ನಾನು ಹೋದ ಕೂಡ್ಲೇ ಇಬ್ಬರೂ ಸುಮ್ಮನಾದ್ರು."

ಅವನ ರೆಕ್ಕೆ ಕಟ್ಟಿ ಕಳಿಸಿದೆ.

ಇವರು ಅಂಗಡಿ ಬೇಗ ಮುಚ್ಚಿ ಬಂದು ಸ್ನಾನಕ್ಕೆ ಹೋಗಿದ್ದಾರೆ. ಪೂಜೆಗೆ ಬರುತ್ತಾರಂತೆ. ಕೇಳದೆಯೇ.

ಅವಳ ರೆಕ್ಕೆ ಮೇಜಿನ ಮೇಲಿದೆ. ಇಲಿ ತಿಂದ ಕಡೆ ನಾನು ಹಾಕಿದ ಹೊಲಿಗೆ ಗೊತ್ತೇ ಆಗುವುದಿಲ್ಲ. ತಂಗಿಗೆ ಏನು ಹೇಳಿರಬಹುದು, ಯಾವ ಮಾತಿನಲ್ಲಿ. ದೊಡ್ಡಮ್ಮ ಸುಳ್ಳು ಹುಲ್ಲು ಹಾಕಿದಳು, ಅದಕ್ಕೇ ತಮ್ಮ. ತಂಗಿ ದೊಡ್ಡವಳು, ನಂಬುವುದಿಲ್ಲ. ಆದರೆ ಇಂಥ ಹೊತ್ತಿನಲ್ಲಿ ಯಾರು ಏನು ನಂಬುತ್ತಾರೆ ಅಂತ ಹೇಳುವವರು ಯಾರು. ಹದಿನೇಳರಂದು ನಾನೇ ನಂಬಲಿಲ್ಲವೇ.

ಎದುರುಮನೆ ಬಾಗಿಲು ತೆಗೆದ ಸದ್ದು.

ತಂಗಿ. ಮನೆಗೆ ಬಂದಮೇಲೆ ಮೊದಲ ಸಲ ಹೊರಗೆ ಕಾಲಿಟ್ಟಿದ್ದಾಳೆ. ಅಳಿಲಿನ ಕೈ ಹಿಡಿದಿದ್ದಾಳೆ. ರಸ್ತೆಯಲ್ಲಿ ನಿಂತರು. ಈ ಕಡೆಯೇ. ಮುಖ ಕಾಣುತ್ತಿಲ್ಲ, ಬೆಳಕು ಅವರ ಹಿಂದಿದೆ. ರೆಕ್ಕೆಗೆ ಬರುತ್ತಿದ್ದಾರೋ, ನನ್ನನ್ನು ಕೇಳಲು ಬರುತ್ತಿದ್ದಾರೋ. ನಮ್ಮ ಬಾಗಿಲು ತೆಗೆದೇ ಇದೆ. ಏಳಬೇಕು. ಅವಳು ಕೇಳಿದರೆ, ಮಗುವಿನ ಎದುರಿಗೆ, ಅಲ್ಲ ಅಂದರೆ ತಪ್ಪು ಮತ್ತೆ ಅಳಿಲಿನ ತಲೆಗೆ, ಹೌದು ಅಂದರೆ ತಂಗಿ ನನ್ನನ್ನು